ಕನಸಿನಲ್ಲಿ ಕೌದಿ ಮಾರಿದ ಅಡಿವೆಪ್ಪ

ಕೂತವರು ಕೂತಲ್ಲೇ ಕೇಳಿ, ತೂಕಡಿಸುವವರು ತೂಕಡಿಸುತ್ತಲೇ ಕೇಳಿ. ಶಿವನು ಜಾಣರನ್ನೂ ಮಾಡಿದ, ಪೆದ್ದರನ್ನೂ ಮಾಡಿದ. ಜಾಣರನ್ನು ಮಾಡುವಾಗ ದಣಿದಿದ್ದ, ಪೆದ್ದರನ್ನು ಮಾಡುವಾಗ ನಕ್ಕಿದ್ದ. ಹಾಗೆ ನಗುನಗುತ್ತ ಮಾಡಿದವರಲ್ಲಿ ಒಬ್ಬ ನಮ್ಮ ಅಡಿವೆಪ್ಪ.

ಗುಡ್ಡದ ಕೆಳಗೊಂದು ಊರು. ಊರ ಕೊನೆಗೊಂದು ಮನೆ. ಮನೆಯಲ್ಲಿ ತಾಯಿ ಗುರವ್ವ, ಮಗ ಅಡಿವೆಪ್ಪ. ಗುರವ್ವ ಕೌದಿ ಹೊಲಿಯುವವಳು. ಹಳೆಯ ಸೀರೆ, ಹಳೆಯ ಧೋತರ, ತುಂಡಿಗೆ ತುಂಡು ಕೂಡಿಸಿ ಹೊಲಿದಳೆಂದರೆ ಹೊದ್ದವರಿಗೆ ಹೆತ್ತವಳ ಮಡಿಲಿನ ನೆನಪಾಗಬೇಕು. ಕಡೆಯ ಮೂಲೆಯಲ್ಲಿ ನಾಲ್ಕು ಕಾಳು ಅಕ್ಕಿ ಇಟ್ಟು ಹೊಲಿದು ಮುಗಿಸುವಳು. ಕೌದಿ ಹಸಿದಿರಬಾರದು, ಹಸಿದ ಕೌದಿಯಲ್ಲಿ ನಿದ್ದೆ ಬಾರದು ಅಂತ ಅವಳ ನಂಬಿಕೆ.

ಆ ವರ್ಷ ಗುರವ್ವನ ಕಣ್ಣು ಮಂಜಾದವು. ಸೂಜಿಯ ಕಣ್ಣು ಕಾಣದಾಯಿತು. ಹೇಗೋ ತಡವರಿಸಿ ನಾಲ್ಕು ಕೌದಿ ಹೊಲಿದಳು. ನಾಲ್ಕನೆಯದರ ಮೂಲೆಗೆ ಬರುವಷ್ಟರಲ್ಲಿ ಮನೆಯಲ್ಲಿ ಅಕ್ಕಿ ತೀರಿತ್ತು. ಬರಿದಾಗಿಯೇ ಹೊಲಿದು, "ತಪ್ಪಾತಪ್ಪ, ತಂದೀ" ಎಂದು ಗುಡ್ಡದ ಶಿವನ ಕಡೆ ಕೈಮುಗಿದಳು.

"ಅಡಿವ್ಯಾ, ನನ್ನ ಕಣ್ಣು ಆರೋದ್ರೊಳಗ ನೀ ಒಂದು ಕೌದಿ ಮಾರಿದ್ದು ನೋಡಬೇಕೋ. ಒಂದೇ ಒಂದು! ಆಮ್ಯಾಲ ನನಗ ಚಿಂತಿಲ್ಲ."

"ಮಾರೋದು ಹ್ಯಾಂಗ ಬೇ?"

"ನಿನ್ನ ಮ್ಯಾಲ ನಿನಗ ನಂಬಿಗಿ ಇರಬೇಕು. ಯಾರು ಏನು ಕೇಳಿದ್ರೂ 'ನನ್ನ ಕೈಲೆ ಆಗ್ತೈತಿ' ಅನ್ನು!"

"ಇಷ್ಟ ಏನು? ಮೊದಲ ಹೇಳಬಾರದೇನು ಬೇ!"

ಮೊದಲ ಕೌದಿ ಹೊತ್ತು ಸಂತೆಗೆ ಹೋದ. ಗಾಡಿಯವನೊಬ್ಬ ಬಂದ. "ತಮ್ಮಾ, ಈ ಚೀಲ ಹೊರತೀಯೇನು?" "ನನ್ನ ಕೈಲೆ ಆಗ್ತೈತಿ!" ಹೊತ್ತ. "ಗಾಲಿ ಕೆಸರಾಗ ಸಿಕ್ಕೈತಿ, ಎತ್ತತೀಯೇನು?" "ನನ್ನ ಕೈಲೆ ಆಗ್ತೈತಿ!" ಎತ್ತಿದ. ಗಾಡಿಯವನು ಮೀಸೆಯಲ್ಲೇ ನಕ್ಕ. "ಈ ಕೌದಿ ಪುಕ್ಕಟ ಕೊಡಾಕ ಆಗ್ತೈತೇನು?" "ನನ್ನ ಕೈಲೆ ಆಗ್ತೈತಿ!" ಕೊಟ್ಟ!

ಎದೆಯುಬ್ಬಿಸಿಕೊಂಡು ಮನೆಗೆ ಬಂದ. "ಯವ್ವಾ, ಎಲ್ಲಾ ನನ್ನ ಕೈಲೆ ಆತು!"

"ಅಯ್ಯ ನನ್ನ ಹಣೇಬರಹವೇ! ನಂಬಿಗಿ ಒಂದಿದ್ರ ಸಾಲದೋ ಮಂಗ್ಯಾ, ಛಲ ಬೇಕು. ಹಿಡಿದದ್ದು ಬಿಡಬಾರದು!"

"ಇಷ್ಟ ಏನು? ಮೊದಲ ಹೇಳಬಾರದೇನು ಬೇ!"

ಮರುಸಂತೆಗೆ ಎರಡನೆಯ ಕೌದಿ. ಸಾವಂತ್ರವ್ವನೆಂಬ ಹೆಂಗಸು ಬಾಣಂತಿ ಮಗಳಿಗೆಂದು ಬೆಲೆ ಒಪ್ಪಿ, ಕೌದಿಯ ಒಂದು ತುದಿ ಹಿಡಿದಳು. ಅಡಿವೆಪ್ಪ ಇನ್ನೊಂದು ತುದಿ ಹಿಡಿದ.

"ಬಿಡೋ ತಮ್ಮಾ!"

"ಬಿಡಂಗಿಲ್ರೀ!"

"ರೊಕ್ಕ ಕೊಡ್ತೀನಲ್ಲೋ!"

"ಕೊಟ್ರೂ ಬಿಡಂಗಿಲ್ರೀ!"

ಅವಳು ನಡೆದಳು, ಇವನೂ ನಡೆದ. ಅವಳು ಬಾವಿಗೆ ಹೋದಳು, ಇವನೂ ಹೋದ. ಅವಳು ಮನೆ ಹೊಕ್ಕು ಕದ ಹಾಕಿಕೊಂಡಳು. ಅವಳು ಒಳಗೆ, ಇವನು ಹೊರಗೆ, ಕೌದಿ ನಡುವೆ. ಅವಳು ಜಗ್ಗಿದಳು, ಇವನೂ ಜಗ್ಗಿದ. ಪರ್ರ್! ಮೂಲೆಯ ಅಕ್ಕಿ ಉದುರಿ ಗುಬ್ಬಿಗಳಿಗೆ ಊಟವಾಯಿತು. ಆ ಮಟ್ಟಿಗೆ ಪುಣ್ಯ.

"ಗಿರಾಕಿ ಕೂಡ ಜಗ್ಗಾಡ್ತಾರೇನೋ ಕೋಣಾ! ವಿನಯ ಇರಬೇಕು. ಗಿರಾಕಿ ಅಂದ್ರ ದೇವರು ಅಂತ ತಿಳಿ!" ಎಂದಳು ಗುರವ್ವ, ಹರಿದ ಕೌದಿ ತಡವುತ್ತ.

"ಇಷ್ಟ ಏನು? ಮೊದಲ ಹೇಳಬಾರದೇನು ಬೇ!"

ಮೂರನೆಯ ಸಂತೆಗೆ ಗಾಣದ ಬಸಲಿಂಗಪ್ಪ ಬಂದ, ಊರಿಗೆಲ್ಲ ಎಣ್ಣೆ ಮಾರುವ ಧಡೂತಿ ಆಳು. "ಕೌದಿ ತೋರಿಸೋ" ಎಂದ. ಅಡಿವೆಪ್ಪ ಕೌದಿ ಹಾಸಿ ಅದರ ಮೇಲೆ ಅವನನ್ನು ಕೂರಿಸಿದ. ಕಾಲು ತೊಳೆದ. ಹಣೆಗೆ ವಿಭೂತಿ ಬಳಿದ. ಪಕ್ಕದವರ ನೀರಿನ ಬಿಂದಿಗೆ ಎತ್ತಿ ತಲೆಯ ಮೇಲೆ ದಬದಬ ಸುರಿದ.

"ಏ ಹುಚ್ಚಾ! ಬೆಲಿ ಹೇಳೋ ಬೆಲಿ!"

"ದೇವರೇ, ನಿನಗ ಬೆಲಿ ಹೇಳಾಕ ನಾ ಯಾರಪ್ಪಾ!" ಎಂದು ಅಡ್ಡಬಿದ್ದ.

ಬಸಲಿಂಗಪ್ಪ ಗಡಗಡ ನಡುಗುತ್ತ ಅದೇ ಕೌದಿ ಸುತ್ತಿಕೊಂಡು ಓಡಿದ. ದೇವರೂ ಹೋಯಿತು, ಕೌದಿಯೂ ಹೋಯಿತು. ನೀವು ನಕ್ಕಿರಿ, ನಗಿ. ಆದರೆ ಆ ಪೂಜೆಯಲ್ಲಿ ಎಳ್ಳಷ್ಟೂ ಕಪಟವಿರಲಿಲ್ಲ. ಅದನ್ನು ನೋಡುವವನು ನೋಡಿರುತ್ತಾನೆ.

ಈ ಸಲ ಗುರವ್ವನಿಗೆ ಬೈಯಲೂ ತ್ರಾಣವಿರಲಿಲ್ಲ. ಬರಿದು ಮೂಲೆಯ ಕಡೆಯ ಕೌದಿ ಅವನ ಹೆಗಲಿಗೆ ಹಾಕಿದಳು. "ನಿನ್ನ ಮುಖ ಈಗ ನನಗ ನೆರಳಾಗಿ ಕಾಣ್ತೈತಿ ಮಗನ. ಇದೇ ಕಡೀದು. ನಿನ್ನ ಸರಕು ನೀ ನಂಬು. ಇದರಾಗ ಚಂದ ನಿದ್ದಿ ಐತಿ ಅಂತ ಮೊದಲು ನೀ ನಂಬಿದ್ರ ಮಂದಿ ನಂಬತಾರ. ಮತ್ತ, ಒಮ್ಮೆ ಮಾರೇನಿ ಅಂದಮ್ಯಾಲ ಮಾತು ತಪ್ಪಬ್ಯಾಡ."

"ಇಷ್ಟ ಏನು?" ಎಂದ ಅಡಿವೆಪ್ಪ. ಮೆಲ್ಲಗೆ ಎಂದ.

ಸಂತೆಯ ನಟ್ಟನಡುವೆ, ಬಸರಿ ಮರದ ಕೆಳಗೆ, ಕೌದಿ ಹೊದ್ದು ಮಲಗಿಯೇಬಿಟ್ಟ! ನಂಬಿ ಮಲಗಿದ, ನಿದ್ದೆ ಬಂತು. ಸಂತೆಯ ಗದ್ದಲ ಹೊಳೆಯ ಹಾಗೆ ದೂರ ಹರಿಯಿತು. ಕೌದಿಯ ತುಂಡುಗಳು ಹೊಲಗಳಾದವು, ಹೊಲಿಗೆಯ ಸಾಲುಗಳು ಕಾಲುದಾರಿಗಳಾದವು. ಅಡಿವೆಪ್ಪ ನಡೆದ, ನಡೆದ, ಗುಡ್ಡ ಹತ್ತಿದ. ತುದಿಯಲ್ಲಿ ಬೂದಿ ಬಳಿದುಕೊಂಡ ಮುದುಕನೊಬ್ಬ ಬರಿಮೈಯಲ್ಲಿ ಕೂತಿದ್ದ. ಸುತ್ತ ಮೋಡ, ಸದ್ದಿಲ್ಲ.

"ಚಳಿ ತಮ್ಮಾ. ಕೌದಿ ಮಾರತೀಯೇನು?"

"ನನ್ನ ಕೈಲೆ ಆಗ್ತೈತಿ! ಮಾರೇನಿ!"

"ಇದರ ಬೆಲಿ ಮೂಲ್ಯಾಗ ಇಟ್ಟೇನಿ, ನಿಮ್ಮವ್ವಗ ಹೇಳು" ಎಂದ ಮುದುಕ.

ಇತ್ತ ಸಂತೆಯಲ್ಲಿ ಎತ್ತು ಕೂಗಿದವು, ತಗಡು ಬಡಿದರು, ನೊಣ ಮುತ್ತಿದವು. ಅಡಿವೆಪ್ಪ ಕದಲಲಿಲ್ಲ. ಮುಖದ ತುಂಬ ನಗು. ಜನ ಕೂಡಿದರು.

"ಎಂಥಾ ನಿದ್ದಿಲೇ ಇದು!" ಎಂದ ಬಸಲಿಂಗಪ್ಪ. "ನಾ ಕಣ್ಣು ಮುಚ್ಚಿ ಮೂರು ತಿಂಗಳಾತು. ಮೊನ್ನೆ ತೊಯ್ದ ಕೌದ್ಯಾಗೂ ಒಂದು ತಾಸು ಮಲಗಿದ್ದೆ!"

ಅಡಿವೆಪ್ಪ ಎದ್ದು ಮನೆಗೆ ಹೊರಟರೆ ಅರ್ಧ ಸಂತೆ ಹಿಂದೆ ಹೊರಟಿತು. "ಗುರವ್ವಾ, ಆ ಕೌದಿ ನನಗ!" "ನನಗ ಬೇ!" "ಕೇಳಿದ್ದು ಕೊಡ್ತೀನಿ!"

ಗುರವ್ವ ಮಗನ ತೋಳು ಹಿಡಿದಳು. "ಕೊಡೋ ಮಗನ, ಕೊಡು!"

"ಹ್ಯಾಂಗ ಕೊಡ್ಲಿ? ಮಾರೇನಿ ಬೇ!"

"ನಿನ್ನ ಹೆಗಲ ಮ್ಯಾಲ ಐತಲ್ಲೋ!"

"ಕೊಂಡವರು ಕನಸಿನಾಗ ಅದಾರ. ಗುಡ್ಡದ ಮ್ಯಾಲಿನ ಮುತ್ಯಾ. ಬೆಲಿ ಮೂಲ್ಯಾಗ ಇಟ್ಟೇನಿ ಅಂದಾರ."

ಗುರವ್ವ ಬಾಯಿಗೆ ಬಂದ ಬೈಗುಳ ಅಲ್ಲೇ ನುಂಗಿದಳು. ಬೆರಳಿಂದ ಮೂಲೆ ತಡವಿದಳು. ಹೊಲಿಗೆ ಬಿಚ್ಚಿರಲಿಲ್ಲ. ಒಳಗೆ ಒಂದು, ಎರಡು, ಮೂರು, ನಾಲ್ಕು. ಅಕ್ಕಿಕಾಳು.

ಗುಡ್ಡದ ಕಡೆ ಕೈಮುಗಿದಳು. "ಮಾರಿದ್ದು ನೋಡಿದೆನಪಾ" ಎಂದಳು ಮಗನಿಗೆ. ಜನರತ್ತ ತಿರುಗಿ, "ಹಳೀ ಬಟ್ಟಿ ತಂದುಕೊಡ್ರಿ, ಹೊಲಿದುಕೊಡ್ತೀನಿ. ಸೂಜಿಗೆ ದಾರ ನನ್ನ ಮಗ ಪೋಣಿಸ್ತಾನ."

"ನನ್ನ ಕೈಲೆ ಆಗ್ತೈತಿ!" ಎಂದ ಅಡಿವೆಪ್ಪ. "ಆದ್ರ ಮೊದಲು ಮುತ್ಯಾಗ ಇದನ್ನ ಮುಟ್ಟಿಸಿ ಬರತೀನಿ." ಅಲ್ಲೇ ಜಗಲಿಯ ಮೇಲೆ ಕೌದಿ ಹೊದ್ದು ಮಲಗಿದ.

"ಹೋಗಿ ಬಾರಪ್ಪಾ, ಲಗೂನ ಬಾ" ಎಂದಳು ಗುರವ್ವ.

ಕಣ್ಣು ಮುಚ್ಚಿದವನು ದಡಕ್ಕನೆ ಎದ್ದು ಕೂತ. "ಯವ್ವಾ, ಚಪ್ಪಲಿ ಕೊಡು! ಆ ದಾರ್ಯಾಗ ಮುಳ್ಳು ಭಾಳ ಅದಾವ."

ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು, ಮುಸುಕೆಳೆದು, ಹೊರಟೇಹೋದ.