ಕಾವಲುಗಾರನ ತೋಟಾ

“ಗುರುಗಳೇ, ಒಂದೇ ಸಲ ಉಚ್ಚರಿಸಿದರೆ ಮನಸ್ಸನ್ನು ಹಿಡಿದು ನಿಲ್ಲಿಸುವ ಮಂತ್ರವಿದೆಯಂತೆ. ಹೋಗಿ ಪಡೆದು ಬರಲೇ?” ಎಂದು ಮರುಳಯ್ಯ ಕೇಳಿದ.

ಮರುಳಯ್ಯ ಆ ಗುರುಗಳ ಮಠದ ಶಿಷ್ಯ. ಅವನ ಸಿಟ್ಟು ಬಲು ಕೆಟ್ಟದ್ದು. ಅನ್ನ ಸೀದುಹೋಯಿತೆಂದು ಆ ದಿನ ಬೆಳಿಗ್ಗೆಯಷ್ಟೇ ಅಡುಗೆಯವನ ಮೇಲೆ ಕೈ ಎತ್ತಿದ್ದ. ಆಮೇಲೆ ತನ್ನ ಬಗ್ಗೆ ತನಗೇ ಹೇಸಿಗೆಯಾಗಿ ಊಟ ಬಿಟ್ಟು ಕುಳಿತಿದ್ದ. ಹೊಳೆಯಾಚೆ ಒಬ್ಬ ಸಾಧು ಬಂದಿಳಿದಿದ್ದ. ಅವನು ಕೊಡುವ ಮಂತ್ರದ ಮಾತು ಸುತ್ತಲಿನ ಊರುಗಳ ಜನರ ಬಾಯಲ್ಲೆಲ್ಲ ಇತ್ತು.

“ನೀವು ಕೊಟ್ಟ ಮಂತ್ರ ಎಲ್ಲರೂ ಬಲ್ಲದ್ದು. ನನ್ನ ಸಿಟ್ಟಿಗೆ ಅದು ಸಾಲದು ಅನ್ನಿಸುತ್ತದೆ” ಎಂದ ಮರುಳಯ್ಯ.

ಗುರುಗಳು ಒಂದು ಕತೆ ಹೇಳಿದರು.

ಕಲ್ಲುಗುಡ್ಡದ ಕೆಳಗೆ ಒಂದು ಊರಿತ್ತು. ಸೀತಾಫಲ ಹಣ್ಣಾಗುವ ಕಾಲಕ್ಕೆ ಆ ಊರಿನ ಹೆಂಗಸರು ಬುಟ್ಟಿ ಹೊತ್ತು ಗುಡ್ಡ ಹತ್ತುತ್ತಿದ್ದರು. ಅದೇ ಹಣ್ಣಿಗೆ ಕರಡಿಗಳೂ ಬರುತ್ತಿದ್ದವು. ಹಿಂದೊಮ್ಮೆ ಕರಡಿ ಒಬ್ಬಳ ಮುಖವನ್ನೇ ಕಿತ್ತುಹಾಕಿತ್ತು. ಅಂದಿನಿಂದ ಊರವರು ಒಬ್ಬ ಕಾವಲುಗಾರನನ್ನು ಇಟ್ಟುಕೊಂಡಿದ್ದರು. ಅವನ ಬಳಿ ಒಂಟಿ ನಳಿಗೆಯ ಹಳೆಯ ಕೋವಿ ಇತ್ತು. ಎಲ್ಲ ಅಂಗಡಿಗಳಲ್ಲೂ ಸಿಗುವ ಸಾದಾ ತೋಟಾಗಳನ್ನೇ ಅದಕ್ಕೆ ಹಾಕುತ್ತಿದ್ದ. ಬಿಡುವಾದಾಗ ಬತ್ತಿದ ಕೆರೆಯಂಗಳಕ್ಕೆ ಹೋಗಿ ಗುರಿ ಇಟ್ಟು ಹಾರಿಸುತ್ತಿದ್ದ. ಈಡು ಎಲ್ಲಿಗೆ ಬೀಳುತ್ತದೆಂಬುದು ಅವನ ಕೈಗೆ ಗೊತ್ತಿತ್ತು.

ಒಂದು ಸಂತೆಯ ದಿನ ಒಬ್ಬ ವ್ಯಾಪಾರಿ ಬಂದ. ಅವನ ಪೆಟ್ಟಿಗೆಯಲ್ಲಿ ಕೆಂಪಗೆ ಹೊಳೆಯುವ ತೋಟಾಗಳಿದ್ದವು. ಅವುಗಳಿಗೆ ಅವನು ಸಿಡಿಲುಮರಿ ಎಂದು ಹೆಸರಿಟ್ಟಿದ್ದ. ನೀರು ತುಂಬಿದ ಕೊಡಗಳನ್ನು ಸಾಲಾಗಿ ಇಡಿಸಿ ತನ್ನ ಕೋವಿಯಿಂದ ಹಾರಿಸಿದ. ಕೊಡಗಳು ಪುಡಿಪುಡಿಯಾದವು. ನೀರು ಮಾಳಿಗೆಯೆತ್ತರಕ್ಕೆ ಚಿಮ್ಮಿತು. ನೋಡಿದವರೆಲ್ಲ ಬಾಯಿಬಿಟ್ಟು ನಿಂತರು. ಕಾವಲುಗಾರನಿಗೂ ಆಸೆಯಾಯಿತು. ತನ್ನ ಸೊಂಟದ ಚೀಲದಲ್ಲಿದ್ದ ತೋಟಾಗಳು ಆ ಕ್ಷಣಕ್ಕೆ ಅವನಿಗೆ ಆಟಿಕೆಯಂತೆ ಕಂಡವು.

“ನನ್ನ ಕೋವಿಗೂ ಹಾಕಿ ನೋಡಲೇ?” ಎಂದು ಕೇಳಿದ.

ವ್ಯಾಪಾರಿ ನಕ್ಕ. “ಇದೇನು ಹಾರಿಸಿ ಹಾಳು ಮಾಡುವ ವಸ್ತುವೇನಪ್ಪ? ಜೋಪಾನವಾಗಿಟ್ಟುಕೋ. ಕರಡಿ ಎದುರು ಬಂದಾಗ ನೋಡುವೆಯಂತೆ.”

ಊರ ಗೌಡ ಆ ಮಾತಿಗೆ ತಲೆದೂಗಿದ. ಹೆಂಗಸರ ಜೀವಕ್ಕಿಂತ ದೊಡ್ಡದೇನಿದೆ ಎಂದು ಒಂದು ಹಿಡಿ ಸಿಡಿಲುಮರಿಗಳನ್ನು ಕೊಂಡು ಕಾವಲುಗಾರನ ಕೈಗಿತ್ತ.

ಕಾವಲುಗಾರ ಮನೆಗೆ ಬಂದ. ಅನ್ನ ಸೇರಲಿಲ್ಲ. ಕರಡಿ ಎದುರು ಬಂದಾಗ ನೋಡು ಎಂಬ ಮಾತು ತಲೆಯಲ್ಲಿ ಕೊರೆಯುತ್ತಲೇ ಇತ್ತು. ಆಗ ನೋಡುವುದಕ್ಕೆ ಪುರುಸೊತ್ತು ಎಲ್ಲಿರುತ್ತದೆ? ಎದ್ದು ಕೆರೆಯಂಗಳಕ್ಕೆ ಹೋದ. ಹಳೆಯ ಬುಟ್ಟಿಯೊಂದನ್ನು ನಿಲ್ಲಿಸಿ ಸಿಡಿಲುಮರಿ ಹಾರಿಸಿದ. ಗುಡ್ಡವೇ ಗುಡುಗಿದಂತಾಯಿತು. ಬುಟ್ಟಿ ಚೂರುಚೂರಾಯಿತು. ಅವನ ಎದೆ ಹಿಗ್ಗಿತು. ಮುಂದಿನ ತೋಟಾ ನಳಿಗೆಯೊಳಗೆ ಅರ್ಧಕ್ಕೇ ಸಿಕ್ಕಿಕೊಂಡಿತು. ಕೋಲಿನಿಂದ ತಳ್ಳಿ ಹೊರತೆಗೆಯುವಷ್ಟರಲ್ಲಿ ಬೆವರಿಳಿಯಿತು. ಇನ್ನೊಂದು ಟಕ್ ಎಂದು ಸುಮ್ಮನಾಯಿತು. ಮತ್ತೊಂದು ಹಾರಿತಾದರೂ ಗುರಿ ಬಿಟ್ಟು ಎಲ್ಲಿಗೋ ಹೋಯಿತು. ಒಂದನ್ನೂ ಉಳಿಸದೆ ಎಲ್ಲವನ್ನೂ ಹಾಕಿ ನೋಡಿದ. ಕೊನೆಗೆ ಚೀಲದಿಂದ ಸಾದಾ ತೋಟಾ ತೆಗೆದು ಹಾರಿಸಿದ. ಅದು ಎಂದಿನಂತೆ ಹಾರಿ ಎಂದಿನ ಜಾಗಕ್ಕೇ ಬಿತ್ತು.

ಸುದ್ದಿ ತಿಳಿದು ಗೌಡ ಕೆಂಡವಾದ. “ಹೆಂಗಸರನ್ನು ಕಾಯಲೆಂದು ಕೊಟ್ಟದ್ದನ್ನು ಬುಟ್ಟಿಗೆ ಸುಟ್ಟೆಯಾ?”

“ಬುಟ್ಟಿ ತಿರುಗಿಬೀಳುವುದಿಲ್ಲ ಗೌಡರೇ. ಅದಕ್ಕೇ ಮೊದಲು ಅದಕ್ಕೆ ಹಾರಿಸಿದೆ” ಎಂದ ಕಾವಲುಗಾರ.

ಆ ಮಾತು ಯಾರಿಗೂ ಹಿಡಿಸಲಿಲ್ಲ. ಊರವರ ಕಣ್ಣಲ್ಲಿ ಇನ್ನೂ ಸಂತೆಯ ಕೊಡಗಳೇ ಒಡೆಯುತ್ತಿದ್ದವು. ಮರುದಿನ ಹೆಂಗಸರು ಅವನ ಜೊತೆ ಗುಡ್ಡಕ್ಕೆ ಹೊರಡಲಿಲ್ಲ. ಮನೆಯಲ್ಲಿ ಒಲೆ ಉರಿಯಲೇಬೇಕಾಗಿದ್ದ ಒಬ್ಬ ವಿಧವೆ ಮಾತ್ರ ಬುಟ್ಟಿ ಎತ್ತಿಕೊಂಡಳು. “ನಡೆಯಣ್ಣ, ನಿನ್ನನ್ನು ನಂಬಿ ಬರುತ್ತೇನೆ” ಎಂದಳು. ಕಾವಲುಗಾರ ತಲೆ ತಗ್ಗಿಸಿ ಮುಂದೆ ನಡೆದ. ಒಂದಾದರೂ ಸಿಡಿಲುಮರಿ ಉಳಿಸಿಕೊಳ್ಳಬೇಕಿತ್ತೇನೋ ಎಂಬ ಅಳುಕು ಅವನನ್ನೂ ಬಿಟ್ಟಿರಲಿಲ್ಲ.

ಹಣ್ಣು ಕೀಳುತ್ತಿದ್ದಾಗ ಬಂಡೆಯ ಮರೆಯಿಂದ ಕರಡಿ ನುಗ್ಗಿತು. ವಿಧವೆ ಓಡಲು ಹೋಗಿ ಬಿದ್ದಳು. ಕಾವಲುಗಾರ ಕೋವಿ ಎತ್ತಿದ. ಅಳುಕಲು ಹೊತ್ತಿರಲಿಲ್ಲ. ಈಡು ಕರಡಿಯ ಹೆಗಲಿಗೆ ತಾಗಿತು. ಅದು ತತ್ತರಿಸಿ ಬಿದ್ದು, ಮತ್ತೆ ಎದ್ದು ಅವಳತ್ತಲೇ ಬಂತು. ಅವನ ಕೈ ತಾನಾಗಿಯೇ ಕೋವಿ ಮಡಚಿತು, ತೋಟಾ ಹಾಕಿತು, ಮುಚ್ಚಿತು. ತೋಟಾ ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಮತ್ತೆ ಈಡು ಹಾರಿತು. ಕರಡಿ ಅವಳ ಕಾಲ ಬುಡದಲ್ಲಿ ಬಿತ್ತು.

ವಿಧವೆ ಬಹಳ ಹೊತ್ತು ಅತ್ತಳು. ಆಮೇಲೆ ಎದ್ದು, ಚೆಲ್ಲಿದ ಹಣ್ಣನ್ನೆಲ್ಲ ಆರಿಸಿ ಬುಟ್ಟಿ ತುಂಬಿಕೊಂಡೇ ಗುಡ್ಡ ಇಳಿದಳು. ಮಾರನೆಯ ಬೆಳಿಗ್ಗೆ ಕಾವಲುಗಾರ ಬಾಗಿಲು ತೆರೆದಾಗ ಊರಿನ ಹೆಂಗಸರೆಲ್ಲ ಬುಟ್ಟಿ ಹಿಡಿದು ಅಂಗಳದಲ್ಲಿ ನಿಂತಿದ್ದರು. ಗೌಡನ ಸೊಸೆಯೂ ಅವರಲ್ಲಿದ್ದಳು.

ಗುರುಗಳು ಕತೆ ನಿಲ್ಲಿಸಿದರು. ಮರುಳಯ್ಯನ ಮುಖ ಅರಳಿತು.

“ತಿಳಿಯಿತು ಗುರುಗಳೇ. ಆ ಸಾಧುವಿನ ಮಂತ್ರವನ್ನು ನಾನೂ ಮೊದಲು ಪರೀಕ್ಷಿಸಿ ನೋಡಬೇಕು.”

“ನೋಡು ಮಗು. ಆದರೆ ಇವತ್ತು ಅಡುಗೆಯವನ ಮೇಲೆ ಕೈ ಎತ್ತಿದಾಗ, ನಾನು ಕೊಟ್ಟದ್ದನ್ನು ಒಮ್ಮೆಯಾದರೂ ಹಾರಿಸಿದೆಯಾ?”