ಕಡಗೋಲಿನ ಭಾನುವಾರ

ದಿನಬಳಕೆಯ ಹಳೆಯ ವಸ್ತುಗಳ ಪುಟ್ಟ ಸಂಗ್ರಹಾಲಯದಲ್ಲಿ ಒಂದು ಕಡಗೋಲು ಇತ್ತು. ಗಾಜಿನ ಕಪಾಟಿನೊಳಗೆ ಅದು ಕಣ್ಣು ಮುಚ್ಚಿದರೆ ಸಾಕು, ಬಿಳಿ ನೊರೆಯಲ್ಲಿ ತೇಲಿದಂತಾಗುತ್ತಿತ್ತು. ಒಂದು ಬೆಳಿಗ್ಗೆ, ಸಂಗ್ರಹಾಲಯ ನೋಡಿಕೊಳ್ಳುವ ಚಂಪಕಾವತಿ ಬಾಗಿಲಿಗೆ ಫಲಕ ತೂಗುಹಾಕಿ ಗಟ್ಟಿಯಾಗಿ ಓದಿದಳು: "ಈ ಭಾನುವಾರ ಮೊಸರು ಕಡೆಯೋಣ ಬನ್ನಿ. ಮುಂದಿನ ಭಾನುವಾರ ಬೀಸುಕಲ್ಲಿನ ಹಾಡು."

ಪಕ್ಕದ ಪಿಂಗಾಣಿ ಹೂಜಿ ಎಚ್ಚರಿಸಿತು: "ನಿನ್ನ ಮೈಯಲ್ಲಿ ಬಿರುಕಿದೆ. ಮೂಲೆಗೆ ಸರಿದುಕೋ, ಅವಳ ಕೈಗೆ ಸಿಗಬೇಡ. ಯಾರೂ ಮುಟ್ಟದಿರುವುದೇ ನಮಗೆ ಸಂದ ಗೌರವ."

"ಮುರಿದೇನೆಂಬ ಭಯ ನನಗೂ ಇದೆ," ಎಂದಿತು ಕಡಗೋಲು. "ಆದರೆ ಮೊಸರಿನ ತಂಪು ಹೇಗಿತ್ತೆಂಬುದೇ ಮರೆಯುತ್ತಿದೆ. ಅದು ಇನ್ನೂ ದೊಡ್ಡ ಭಯ."

ಭಾನುವಾರ ಚಂಪಕಾವತಿ ಕಪಾಟಿಗೆ ಕೈ ಹಾಕಿದಾಗ ಕಡಗೋಲು ತಾನಾಗಿಯೇ ಅವಳತ್ತ ವಾಲಿತು. ಬಂದವರೆಲ್ಲ ನಗುತ್ತ, ಸರದಿಯಲ್ಲಿ ಹಗ್ಗ ಎಳೆದರು. ಕನಸಿನ ನೊರೆ ನಿಜವಾಗಿ ಉಕ್ಕಿತು. ಬೆಣ್ಣೆ ತೇಲುವ ಹೊತ್ತಿಗೆ ಕಡಗೋಲಿನ ಒಂದು ಎಸಳು ಮುರಿದುಬಿತ್ತು.

"ಅಯ್ಯೋ, ಎಳೆದದ್ದು ಜೋರಾಯಿತೇನೋ!" ಎಂದು ಚಂಪಕಾವತಿ ಅದನ್ನು ಒರೆಸಿ, ಮತ್ತೆ ಕಪಾಟಿನಲ್ಲಿಟ್ಟಳು.

"ನಾನು ಹೇಳಿರಲಿಲ್ಲವೇ?" ಎಂದಿತು ಹೂಜಿ.

ಕಡಗೋಲಿನ ಮೈಯಿಂದ ಕಪಾಟಿನ ತುಂಬ ಬೆಣ್ಣೆಯ ಘಮ ಹರಡಿತು. ಬಹಳ ಹೊತ್ತಾದ ಮೇಲೆ ಹೂಜಿ ಮೆಲ್ಲಗೆ ಹೇಳಿತು: "ನನ್ನೊಳಗೆ ಇದುವರೆಗೂ ಯಾರೂ ಒಂದು ತೊಟ್ಟು ನೀರು ಹಾಕಿಲ್ಲ."