ಹೊಳ್ಳೆ ಎಂಬ ಊರು

ಫ್ಲೆಕ್ಸ್ ಅಂಗಡಿಯ ಸುಮಂಗಲಾ, ಸಂಘದ ಅಧ್ಯಕ್ಷ ಗುರುಶಾಂತಪ್ಪನವರ ಮುಖವನ್ನು ಬ್ಯಾನರಿಗೆಂದು ಕಂಪ್ಯೂಟರಿನಲ್ಲಿ ಗೆರೆಗೆರೆಯಾಗಿ ಬರೆದಿದ್ದಳು.

"ಗೆರೆ ಚಿತ್ರ ಎಷ್ಟು ಹಿಗ್ಗಿಸಿದ್ರೂ ಒಡೆಯೂದಿಲ್ರೀ. ಮುದ್ರಣಕ್ಕ ಮಾತ್ರ ಚುಕ್ಕಿ ಮಾಡಿ ಕಳಸಬೇಕು. ನಲವತ್ತಡಿ ಬ್ಯಾನರಿಗೆ ಇಂಚಿಗೆ ಐವತ್ತು ಚುಕ್ಕಿ ಸಾಕು. ಜನ ದೂರದಿಂದ ನೋಡ್ತಾರ."

"ಮುನ್ನೂರು ಇರಬೇಕು," ಅಂದರು ಅಧ್ಯಕ್ಷರು. "ಒಂದು ಕೂದಲೂ ಮಸುಕಾಗಬಾರದು. ಇಲ್ಲಾಂದ್ರ ಸಂಘದ ಕೆಲಸ ಬ್ಯಾರೆ ಅಂಗಡಿಗೆ."

"ಅಷ್ಟಕ್ಕ ನನ್ನ ಕಂಪ್ಯೂಟರ್ ಮಲಗಿಬಿಡ್ತದ್ರೀ."

ಅಧ್ಯಕ್ಷರು ಕೇಳಲಿಲ್ಲ. ಸುಮಂಗಲಾ ಚಿತ್ರದ ಮೂರಡಿ ತುಂಡನ್ನಷ್ಟೇ ಮುನ್ನೂರು ಚುಕ್ಕಿಯಲ್ಲಿ ಮುದ್ರಿಸಿ, ಏನೆಂದು ಹೇಳದೆ ಗೋಡೆಗೆ ಅಂಟಿಸಿದಳು.

ಅಧ್ಯಕ್ಷರು ಕುರ್ಚಿ ಎಳೆದುಕೊಂಡು ನೋಡುತ್ತ ಕೂತರು. ಸಂಜೆಗೆಂಪಿನ ದುಂಡು ಗುಡ್ಡ. ಅದರ ಬುಡದಲ್ಲಿ ತಂಪು ಕತ್ತಲೆಯ ಗವಿ. ಗವಿಯ ಬಾಯಲ್ಲಿ ಬಾಗಿ ತೂಗುವ ಜೊಂಡು. ಅವರ ಕಣ್ಣು ಅರ್ಧ ಮುಚ್ಚಿತು. ಆ ಗವಿಯೊಳಗೆ ಚಾಪೆ ಹಾಸಿ ಮಲಗಿದಂತೆ, ಗಾಳಿ ಸುಯ್ಯೆಂದು ಒಳಗೆ ಬಂದು ಹೊರಗೆ ಹೋದಂತೆ ಅನಿಸಿತು.

"ಎಂಥಾ ಜಾಗ," ಅಂದರು ಮೆಲ್ಲಗೆ. "ಯಾವ ಊರವ್ವಾ ಇದು?"

"ಹೊಳ್ಳೆ ಅಂತಾರ್ರೀ."

"ಹೊಳ್ಳೆ? ಎಲ್ಲಿ ಬರ್ತದ?"

"ನಿಮ್ಮ ಮೂಗಿನಾಗ ಬರ್ತದ್ರೀ, ಎಡಕ್ಕ. ನೀವು ಹೇಳಿದಂಗ ಒಳಗಿನ ಒಂದು ಕೂದಲೂ ಬಿಟ್ಟಿಲ್ಲ."

ಅಧ್ಯಕ್ಷರ ಕೈ ತಾನಾಗಿ ಮೂಗಿಗೆ ಹೋಯಿತು. ಗವಿಯ ಗಾಳಿ ನಿಂತಿತು.

"ಐವತ್ತು ಸಾಕು," ಅಂದರು. "ನಲವತ್ತಾದ್ರೂ ನಡೀತದ."